46 ಎಂದು ಬರೆದರೆ ಪಾಠ ಮುಗಿಯಿತೇ?

ಬೋಧನಾಭ್ಯಾಸಕ್ಕೆಂದು ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಪ್ರೌಢಶಾಲೆಗಳಿಗೆ ಹೋಗುವ ನಾವು, ಹತ್ತನೇ ತರಗತಿಯ ಅನುವಂಶೀಯತೆ ಪಾಠದಲ್ಲಿ ಮನುಷ್ಯನ ವರ್ಣತಂತುಗಳ ಸಂಖ್ಯೆಯನ್ನು ಬಿಟ್ಟ ಸ್ಥಳ ತುಂಬುವ ಪ್ರಶ್ನೆಯಲ್ಲೇ ಮುಗಿಸುತ್ತೇವೆ. ಉತ್ತರ 46. ಮಕ್ಕಳು ಕೈ ಎತ್ತುತ್ತಾರೆ, ಮೌಲ್ಯಮಾಪನದ ಕಾಲಂ ತುಂಬುತ್ತದೆ. ಆ ಸಂಖ್ಯೆಯನ್ನು ಎಣಿಸಿದ್ದು ಹೇಗೆ, ಅದು ತಪ್ಪುವುದು ಯಾವಾಗ ಎಂಬ ಎರಡು ಪ್ರಶ್ನೆಗಳಿಗೂ ಪಾಠಯೋಜನೆಯಲ್ಲಿ ಜಾಗ ಬೇಕೆಂಬುದು ನನ್ನ ವಾದ.

1956ರವರೆಗೆ ಪುಸ್ತಕಗಳಲ್ಲಿ 48 ಎಂದೇ ಇತ್ತು. ಸ್ವೀಡನ್ನಿನ ಲುಂಡ್‌ನಲ್ಲಿ ಟ್ಜಿಯೊ ಮತ್ತು ಲೆವಾನ್ ಕಾಲ್ಚಿಸಿನ್ ಬಳಸಿ ಕೋಶವಿಭಜನೆಯನ್ನು ನಡುವೆಯೇ ತಡೆದು, ಲವಣ ಕಡಿಮೆಯಿರುವ ದ್ರಾವಣದಲ್ಲಿ ಕೋಶಗಳನ್ನು ಉಬ್ಬಿಸಿ, ವರ್ಣತಂತುಗಳನ್ನು ಬಿಡಿಬಿಡಿಯಾಗಿ ಹರಡಿ ಎಣಿಸಿದಾಗ 46 ಬಂತು. ಇಷ್ಟು ಹೇಳಲು ಎರಡು ನಿಮಿಷ ಸಾಕು.

ಗಡ್ಡೆಯ ಕೋಶಗಳಲ್ಲಿ ಈ ಲೆಕ್ಕ ತಪ್ಪುತ್ತದೆ. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಅವರ ಗರ್ಭಕೊರಳಿನ ಗಡ್ಡೆಯಿಂದ ತೆಗೆದು ಬೆಳೆಸಿದ ಹೀಲಾ ಕೋಶಗಳಲ್ಲಿ ಸುಮಾರು 76ರಿಂದ 80 ವರ್ಣತಂತುಗಳಿವೆ. ಎಣಿಸುವುದರ ಜೊತೆಗೆ ಅಳೆಯುವ ದಾರಿಯೂ ಇದೆ. ಡಿಎನ್‌ಎಗೆ ಅಂಟುವ ಬಣ್ಣ ಹಾಕಿ, ಫ್ಲೋ ಸೈಟೋಮೀಟರಿನಲ್ಲಿ ಒಂದೊಂದೇ ಕೋಶ ಹರಿಸಿ, ಅದು ಸೂಸುವ ಬೆಳಕಿನಿಂದ ಡಿಎನ್‌ಎ ಎಷ್ಟಿದೆ ಎಂದು ತಿಳಿಯುತ್ತಾರೆ. ಸಾಮಾನ್ಯ ಕೋಶಕ್ಕೆ 1.0 ಎಂಬ ಸೂಚ್ಯಂಕ. ಮಕ್ಕಳ ರಕ್ತಕ್ಯಾನ್ಸರಿನ ಒಂದು ಬಗೆಯಲ್ಲಿ ಇದು 1.16 ದಾಟಿದ್ದರೆ, ಅಂದರೆ ವರ್ಣತಂತುಗಳು 50ಕ್ಕಿಂತ ಹೆಚ್ಚಿದ್ದರೆ, ಚಿಕಿತ್ಸೆ ಚೆನ್ನಾಗಿ ಫಲಿಸುತ್ತದೆ. ಹೆಚ್ಚಾದದ್ದೆಲ್ಲ ಕೆಟ್ಟದ್ದಲ್ಲ ಎಂಬುದು ನನಗೂ ಓದುವಾಗ ಅಚ್ಚರಿಯೇ.

ನಮ್ಮ ಮಕ್ಕಳಿಗೆ ತೊಗರಿ ಚೀಲದ ಉದಾಹರಣೆ ಬೇಗ ಹಿಡಿಸುತ್ತದೆ. ಚೀಲ ಎಣಿಸುವುದು ಬೇರೆ, ತೂಕ ಹಾಕುವುದು ಬೇರೆ. ಎರಡು ಚೀಲಗಳ ಒಂದಿಷ್ಟು ಕಾಳು ಅದಲುಬದಲಾದರೆ ಎಣಿಕೆಯೂ ಸರಿ, ಒಟ್ಟು ತೂಕವೂ ಸರಿ. ಬಾಯಿ ಬಿಚ್ಚಿ ನೋಡಿದಾಗಲೇ ಗೊತ್ತಾಗುವುದು. ದೀರ್ಘಕಾಲಿಕ ಮೈಲಾಯ್ಡ್ ರಕ್ತಕ್ಯಾನ್ಸರಿನಲ್ಲಿ ಆಗುವುದು ಇದೇ. 1960ರಲ್ಲಿ ನೊವೆಲ್ ಮತ್ತು ಹಂಗರ್‌ಫೋರ್ಡ್ ಕಂಡ ಗಿಡ್ಡ ವರ್ಣತಂತು, 9 ಮತ್ತು 22ರ ತುಂಡುಗಳ ಅದಲುಬದಲಿನಿಂದ ಆದದ್ದೆಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಅಲ್ಲಿಯೂ ಎಣಿಕೆ 46ನ್ನೇ ಹೇಳುತ್ತದೆ.

ಇದು ಪಠ್ಯದ ಆಚೆಯದು, 40 ನಿಮಿಷದ ಅವಧಿಯಲ್ಲಿ ಹಿಡಿಸದು ಎನ್ನುವವರಿದ್ದಾರೆ. ಆದರೆ ತರಗತಿಯಲ್ಲಿ ಕುಳಿತವರಲ್ಲಿ ಯಾರದೋ ಮನೆಯಿಂದ ಒಬ್ಬರು ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೆ ಓಡಾಡುತ್ತಿರಬಹುದು. ರೋಗಿಯ ತಾಟು, ಲೋಟ ಬೇರೆ ಇಡುವ ಮನೆಗಳು ಇನ್ನೂ ಇವೆ. "ಮೇಡಂ, ಅವ್ವಗ ಬಂದ್ರ ನಮಗೂ ಬರ್ತದೇನ್ರಿ?" ಎಂಬ ಪ್ರಶ್ನೆಗೆ ಬಿಟ್ಟ ಸ್ಥಳದಲ್ಲಿ ಉತ್ತರವಿಲ್ಲ. ಲೆಕ್ಕ ತಪ್ಪಿರುವುದು ಗಡ್ಡೆಯ ಕೋಶಗಳಲ್ಲಿ. ಅವ್ವನ ಉಳಿದ ಕೋಶಗಳಲ್ಲಿ 46 ಹಾಗೆಯೇ ಇದೆ. ಒಂದೇ ತಾಟಿನಲ್ಲಿ ಉಂಡರೆ ಅಂಟುವುದಿಲ್ಲ. ಕೆಲವು ಕುಟುಂಬಗಳಲ್ಲಿ ಮಾತ್ರ ಅಪಾಯ ಹೆಚ್ಚಿಸುವ ಜೀನ್ ಹರಿದು ಬರುತ್ತದೆ. ಅದನ್ನೂ ಮುಚ್ಚಿಡಬಾರದು, ಹೆದರಿಸಲೂಬಾರದು.

ಪ್ರಯೋಗಾಲಯ ಎಲ್ಲಿದೆ ಎಂದು ಕೇಳುವವರಿಗೆ: ಈರುಳ್ಳಿ ಬೇರಿನ ತುದಿಗೆ ಅಸಿಟೋಕಾರ್ಮಿನ್ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ ಮಕ್ಕಳೇ ಎಣಿಸಲು ಪ್ರಯತ್ನಿಸಬಹುದು. ಉತ್ತರ 16. ಒಬ್ಬನಿಗೆ 14, ಇನ್ನೊಬ್ಬಳಿಗೆ 17 ಬಂದರೆ ಇನ್ನೂ ಒಳ್ಳೆಯದು. ವಿಜ್ಞಾನಿಗಳು ಅಷ್ಟು ಕಾಲ 48 ಎಂದದ್ದು ಏಕೆಂದು ಆಗ ತಾನಾಗಿಯೇ ತಿಳಿಯುತ್ತದೆ.

ಮುಂದಿನ ಸುತ್ತಿನ ಪಾಠಯೋಜನೆ ತಿದ್ದುವಾಗ ನಮ್ಮ ಮೇಲ್ವಿಚಾರಕರು 46ರ ಪಕ್ಕದಲ್ಲಿ 'ಎಣಿಸಿದ್ದು ಹೇಗೆ?' ಎಂದು ಕೆಂಪು ಶಾಯಿಯಲ್ಲಿ ಬರೆಯಲಿ ಎಂದು ಕೋರುತ್ತೇನೆ.