ಬಿಸಿಲಿಗೂ ಬೇಲಿಯೆ?

ಸೂರ್ಯ ಯಾರ ಮನೆಯ ಆಳೂ ಅಲ್ಲ. ನೀರಿನ ಪಾಚಿಯನ್ನು ಯಾವ ಬಂಡವಳಿಗನೂ ಹುಟ್ಟಿಸಲಿಲ್ಲ. ಬಿಸಿಲು, ನೀರು, ಇಂಗಾಲಾಮ್ಲವನ್ನುಂಡು ಬದುಕುವ ನೀಲಿಹಸಿರು ಪಾಚಿಗೆ ಬೇರೊಂದು ಸೂಕ್ಷ್ಮಜೀವಿಯ ಜೀನುಗಳನ್ನು ಸೇರಿಸಿ ಮದ್ಯಸಾರ ತೆಗೆಯಬಹುದೆಂದು 1999ರಲ್ಲಿ ತೋರಿಸಿದವರು ಕೆನಡಾದ ಸಾರ್ವಜನಿಕ ಟೊರಾಂಟೊ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು.

ಆಮೇಲೆ ಬಂದರು ಹಣವಂತರು! ಇಂಥದೇ ಪಾಚಿಯಿಂದ ಡೀಸೆಲ್ ಮಾದರಿಯ ತೈಲ ತೆಗೆಯುವ ವಿಧಾನಕ್ಕೆ ಅಮೆರಿಕದ ಜೂಲ್ ಕಂಪನಿ 2010ರಲ್ಲಿ ಪೇಟೆಂಟ್ ಪಡೆಯಿತು. ವರ್ಷಕ್ಕೆ, ಎಕರೆಗೆ 15,000 ಗ್ಯಾಲನ್ ಎಂದು ಜಂಬ ಕೊಚ್ಚಿತು. 2017ರಲ್ಲಿ ಬಾಗಿಲು ಹಾಕಿತು. ಆದರೆ ಪೇಟೆಂಟ್ ಮಾರಿಕೊಳ್ಳಬಹುದಾದ ಆಸ್ತಿ. ಗಿರಣಿ ನಿಂತರೂ ಗೇಟಿನ ಬೀಗದಕೈ ಮಾಲೀಕನ ಜೇಬಿನಲ್ಲೇ ಇರುವುದನ್ನು ಕಾರ್ಮಿಕ ಬಂಧುಗಳು ಬಲ್ಲರು.

ನಾವು ವಿಜ್ಞಾನದ ವೈರಿಗಳಲ್ಲ. ಈ ವಿದ್ಯೆ ಬೆಳೆಯಲಿ, ಆದರೆ ಜನತೆಯ ಸೊತ್ತಾಗಿ ಬೆಳೆಯಲಿ. ಬಿಸಿಲಿಗೆ ಬಾಡಿಗೆ ಕಟ್ಟಲು ನಾವು ಸಿದ್ಧರಿಲ್ಲ!