ಬೆರಳಿನ ಸ್ಪರ್ಶ ಹಣೆಗೆ

ಕಣ್ಣು ಮುಚ್ಚಿಕೊಂಡು ಪೆನ್ಸಿಲ್ಲಿನ ತುದಿಯನ್ನು ಮೊದಲು ಮೇಜಿನ ಮೇಲೆ, ಆಮೇಲೆ ಮರಳು ಕಾಗದದ ಮೇಲೆ ಎಳೆದು ನೋಡಿ. ನುಣುಪು ಯಾವುದು, ಒರಟು ಯಾವುದು ಎಂದು ತಕ್ಷಣ ತಿಳಿಯುತ್ತದೆ. ಪೆನ್ಸಿಲ್ಲಿಗೆ ನರಗಳಿಲ್ಲ, ಕಂಪನ ತಲುಪುವುದು ಬೆರಳಿಗೆ. ಆದರೂ ಒರಟುತನ ಪೆನ್ಸಿಲ್ಲಿನ ತುದಿಯಲ್ಲೇ ಇದ್ದಂತೆ ಭಾಸವಾಗುತ್ತದೆ! ಅಂಧರು ಬಿಳಿ ಕೋಲಿನಿಂದ ನೆಲವನ್ನು ಅರಿಯುವುದೂ ಹೀಗೆಯೇ.

ಸ್ಪರ್ಶವಾಗುವುದು ಚರ್ಮಕ್ಕೆ, ಅದು ಎಲ್ಲಿ ಆಯಿತೆಂದು ತೀರ್ಮಾನಿಸುವುದು ಮಿದುಳು. ಹಾಗಾದರೆ, ಬೆರಳಿನ ನರಗಳೇ ಸಂವೇದನೆ ಕಳೆದುಕೊಂಡಾಗ ಬೆರಳಿನ ಸ್ಪರ್ಶವನ್ನು ಬೇರೆ ಅಂಗದ ಮೂಲಕ ಮಿದುಳಿಗೆ ಕಳಿಸಬಹುದೇ?

ಕುಷ್ಠರೋಗಿಗಳ ಪಾಲಿಗೆ ಇದು ಬಹು ಮುಖ್ಯ ಪ್ರಶ್ನೆ. ಈ ರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯವನ್ನು 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಗುರುತಿಸಿದರು. ಅದು ಚರ್ಮವನ್ನಷ್ಟೇ ಅಲ್ಲ, ನರಗಳನ್ನೂ ಹಾಳುಮಾಡುತ್ತದೆ. ರೋಗದಿಂದ ಬೆರಳುಗಳು ತಾವಾಗಿಯೇ ಕೊಳೆತು ಉದುರುತ್ತವೆ ಎಂದು ಜನ ನಂಬಿದ್ದರು. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಈ ನಂಬಿಕೆ ತಪ್ಪೆಂದು ತೋರಿಸಿದರು. ನೋವು ತಿಳಿಯದ ರೋಗಿ ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿಯುತ್ತಾನೆ; ಗಾಯವಾದ ಕೈಯಲ್ಲೇ ದುಡಿಯುತ್ತಾನೆ. ಬೆರಳು ಸವೆಯಲು ಇಂಥ ಗಾಯ ಮತ್ತು ಸೋಂಕುಗಳೇ ಕಾರಣ.

ಇತ್ತ ಅಮೆರಿಕದ ನರವಿಜ್ಞಾನಿ ಪಾಲ್ ಬಾಕ್-ಇ-ರೀಟ ಅವರು ಕ್ಯಾಮೆರಾದ ಚಿತ್ರವನ್ನು 400 ಪುಟ್ಟ ಕಂಪಕಗಳ ಮೂಲಕ ಅಂಧರ ಬೆನ್ನಿಗೆ ಮುಟ್ಟಿಸುವ ಸಾಧನವನ್ನು 1969ರಲ್ಲಿ ಪ್ರಕಟಿಸಿದರು. 1970ರ ದಶಕದಲ್ಲಿ ಅವರ ತಂಡ ಇದೇ ತತ್ವವನ್ನು ಕುಷ್ಠರೋಗಿಗಳ ಕೈಗೆ ಅಳವಡಿಸಿತು. ಕೈಗವಸಿನ ಐದೂ ಬೆರಳುಗಳ ತುದಿಯಲ್ಲಿ ಒತ್ತಡವನ್ನು ಗ್ರಹಿಸುವ ಸಾಧನಗಳು. ಅವುಗಳ ಸಂಕೇತ ಹೋಗುವುದು ಹಣೆಯ ಐದು ಜಾಗಗಳಿಗೆ. ಕೆಲವೇ ನಿಮಿಷಗಳ ಅಭ್ಯಾಸದಲ್ಲಿ ರೋಗಿಗಳು ಗಟ್ಟಿ–ಮೆದು, ಒರಟು–ನುಣುಪುಗಳನ್ನು ಗುರುತಿಸಿದರು. ಮೇಜಿನ ಸಣ್ಣ ಬಿರುಕನ್ನೂ ಪತ್ತೆ ಹಚ್ಚಿದರು. ಇನ್ನೂ ಅಚ್ಚರಿಯೆಂದರೆ, ಸಂಕೇತ ಮುಟ್ಟುತ್ತಿದ್ದುದು ಹಣೆಯನ್ನಾದರೂ ಸ್ಪರ್ಶ ಬೆರಳಿನಲ್ಲೇ ಆದಂತೆ ಅವರಿಗೆ ಅನ್ನಿಸಿತು.

ಆದರೆ ಸ್ಪರ್ಶವನ್ನು ಸಾಗಿಸಿದಷ್ಟು ಸುಲಭವಾಗಿ ನೋವನ್ನು ಸಾಗಿಸಲಾಗದು. 1966ರಲ್ಲಿ ಅಮೆರಿಕದ ಕಾರ್ವಿಲ್ ಆಸ್ಪತ್ರೆಗೆ ಹೋದ ಬ್ರ್ಯಾಂಡ್, ಕೈ ಮೇಲೆ ಅತಿಯಾದ ಒತ್ತಡ ಬಿದ್ದಾಗ ಕಂಕುಳಿಗೆ ವಿದ್ಯುತ್ ಆಘಾತ ಕೊಡುವ ವ್ಯವಸ್ಥೆಯನ್ನು ಅಲ್ಲಿ ಪ್ರಯೋಗಿಸಿದರು. ಅಪಾಯದ ಕೆಲಸ ಬಂದಾಗ ರೋಗಿಗಳು ಅದರ ಸ್ವಿಚ್ಚನ್ನೇ ಆರಿಸಿಬಿಡುತ್ತಿದ್ದರು! ನಿಜವಾದ ನೋವಿಗೆ ಅಂಥ ಸ್ವಿಚ್ಚಿಲ್ಲ. ನಮ್ಮ ಕೈಗಳನ್ನು ಅದು ಕಾಪಾಡುವುದು ಆ ಕಾರಣಕ್ಕೇ.

ಆದ್ದರಿಂದ ನರಗಳು ಹಾಳಾಗುವ ಮುನ್ನವೇ ರೋಗವನ್ನು ಗುರುತಿಸುವುದು ಒಳ್ಳೆಯದು. ಮಕ್ಕಳ ಮೈಮೇಲೆ ತಿಳಿಬಣ್ಣದ ಅಥವಾ ಕೆಂಪು ಮಚ್ಚೆ ಕಂಡು, ಅಲ್ಲಿ ಸ್ಪರ್ಶ ತಿಳಿಯದಿದ್ದರೆ ಅಡಗಿಸಬೇಡಿ, ವೈದ್ಯರಿಗೆ ತೋರಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವ ಬಹು ಔಷಧ ಚಿಕಿತ್ಸೆಯನ್ನು 6 ಅಥವಾ 12 ತಿಂಗಳು ತಪ್ಪದೆ ಪಡೆದರೆ ಕುಷ್ಠರೋಗ ಸಂಪೂರ್ಣ ಗುಣವಾಗುತ್ತದೆ.