ಎಂಬತ್ತರ ನಿಯಮ, ನೂರಿಪ್ಪತ್ತು ಕುದುರೆ



ಕಳೆದ ಸಂಚಿಕೆಯಲ್ಲಿ ತೊಗರಿಯ ದಾಸ್ತಾನಿನ ಬಗ್ಗೆ ಬರೆಯುತ್ತ ಕೊನೆಯ ಸಾಲಿನಲ್ಲಿ, 2025ರ ದೀಪಾವಳಿ ಪಾಡ್ಯಕ್ಕೆ ಮನೆಗೆ ಹೊಸ ಕಾರು ಬಂದ ಸುದ್ದಿ ಹೇಳಿದ್ದೆವು. ತೊಗರಿಯ ಬಗ್ಗೆ ಒಂದು ಪತ್ರವೂ ಬರಲಿಲ್ಲ. ಕಾರಿನ ಬಗ್ಗೆ ಏಳು ಬಂದವು. ಆರು ಪತ್ರಗಳಲ್ಲಿ ಕೇಳಿದ್ದು ಯಾವ ಕಾರು, ಎಷ್ಟು ಬಿತ್ತು, ಲೀಟರಿಗೆ ಎಷ್ಟು ಓಡುತ್ತದೆ ಎಂದು. ಏಳನೆಯದು ಒಬ್ಬ ಶ್ರಾವಿಕೆಯವರದು. “ವ್ರತ-ನಿಯಮಗಳ ಬಗ್ಗೆ ಬರೆಯುವ ತಮಗೆ ಈ ವಯಸ್ಸಿನಲ್ಲಿ ಓಟದ ಕಾರು ಯಾಕೆ ಬೇಕಾಯಿತು?” ಎಂದು ಕೇಳಿದ್ದಾರೆ. ಆರು ಪತ್ರಗಳಿಗೆ ಉತ್ತರ ಸುಲಭ. ಏಳನೆಯದಕ್ಕೆ ಉತ್ತರ ಕೊಡಬೇಕಾದರೆ ಹಳೆಯ ಖಾತೆ ತೆಗೆಯಬೇಕು.

ನಮಗೆ ಗಾಡಿಯ ಹುಚ್ಚು ಮೊದಲಿನಿಂದ ಇದೆ. ಮುಚ್ಚಿಡುವುದೇನಿಲ್ಲ. ಬೋರಾಮಣಿಯ ನಮ್ಮ ಮನೆಯಲ್ಲಿ ಕಾರುಗಳ ಲೆಕ್ಕವನ್ನು ಇಸವಿಯಿಂದ ಇಡುವುದಿಲ್ಲ, ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದಿಂದ ಇಡುತ್ತೇವೆ. 1981ರದು ಸಹಸ್ರಾಬ್ದಿಯ ಅಭಿಷೇಕ. ಇಂದಿರಾ ಗಾಂಧಿಯವರು ಹೆಲಿಕಾಪ್ಟರಿನಿಂದ ಹೂ ಸುರಿಸಿದ ವರ್ಷ. ಆಗ ಹೋದದ್ದು ನಮ್ಮ ತಂದೆಯವರ ಪ್ರೀಮಿಯರ್ ಪದ್ಮಿನಿಯಲ್ಲಿ. 1089 ಸಿ.ಸಿ., ಸುಮಾರು 40 ಕುದುರೆಯ ಶಕ್ತಿ, ಗೇರು ಸ್ಟಿಯರಿಂಗಿನ ಪಕ್ಕದ ಕೋಲಿನಲ್ಲಿ, ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು. ವಿಜಾಪುರ, ಹೊಸಪೇಟೆ, ಚಿತ್ರದುರ್ಗದ ಮೇಲೆ ಸುಮಾರು ಆರುನೂರು ಕಿಲೋಮೀಟರಿಗೆ ಎರಡು ದಿನ ಹಿಡಿಯಿತು. ಇದನ್ನು ಓಟದ ಗಾಡಿ ಎಂದರೆ ಈಗಿನ ಹುಡುಗರು ನಗುತ್ತಾರೆ. ಆದರೆ ಚೆನ್ನೈ ಹತ್ತಿರದ ಶೋಲಾವರಮ್‌ನಲ್ಲಿ ಆ ಕಾಲದ ರೇಸುಗಳಲ್ಲಿ ಫಿಯೆಟ್ಟುಗಳೂ ಓಡುತ್ತಿದ್ದವು. ಅಂಬಾಸಡರಿನ ಮುಂದೆ ಪದ್ಮಿನಿ ಎಂದರೆ ಎತ್ತಿನ ಗಾಡಿಯ ಮುಂದೆ ಟಾಂಗಾ ಇದ್ದಂತೆ.

1993ರ ಡಿಸೆಂಬರಿನ ಅಭಿಷೇಕಕ್ಕೆ ಮಾರುತಿ ಝೆನ್ ಇತ್ತು. ಅದೇ ವರ್ಷ ಮಾರಾಟಕ್ಕೆ ಬಂದ ಗಾಡಿ. 993 ಸಿ.ಸಿ. ಇಂಜಿನ್, 50 ಕುದುರೆ, ಮೈ ಮಾತ್ರ ಹಗುರ. ಕಾಗದದ ಮೇಲೆ ಏನೂ ಅಲ್ಲ. ಆದರೆ ಸ್ಟಿಯರಿಂಗ್ ಹಿಡಿದರೆ ರಸ್ತೆಯ ಒಂದೊಂದು ಹರಳೂ ಅಂಗೈಗೆ ತಿಳಿಯುತ್ತಿತ್ತು. 2006ಕ್ಕೆ ಹೋಂಡಾ ಸಿಟಿ. ಅದೂ 2000ದಲ್ಲಿ ಬಂದ ವಿಟೆಕ್, ಒಂದೂವರೆ ಲೀಟರಿಗೆ 106 ಕುದುರೆ. ಇಂಜಿನ್ ಮೇಲಿನ ಸುತ್ತಿಗೆ ಹೋದಂತೆ ವಾಲ್ವುಗಳು ಇನ್ನಷ್ಟು ತೆರೆದು ದನಿಯೇ ಬದಲಾಗುತ್ತಿತ್ತು. ಆ ದನಿ ಕೇಳುವ ಸಲುವಾಗಿ ಬೇಕಿಲ್ಲದಿದ್ದರೂ ಗೇರು ಇಳಿಸುತ್ತಿದ್ದೆವು. 2018ಕ್ಕೆ ಫೋಕ್ಸ್‌ವ್ಯಾಗನ್ ಪೋಲೋ ಜಿ.ಟಿ., 1.2 ಲೀಟರಿನ ಟರ್ಬೋ, 105 ಕುದುರೆ, ತಾನಾಗಿಯೇ ಬದಲಾಗುವ ಏಳು ಗೇರು.

ಇನ್ನು ಹೊಸದು. ಹುಂಡೈ ಐ20 ಎನ್ ಲೈನ್. ಇಂಥವಕ್ಕೆ ಹಾಟ್ ಹ್ಯಾಚ್ ಎನ್ನುತ್ತಾರೆ. ಡಿಕ್ಕಿ ಬೇರೆಯಾಗಿ ಹಿಂದಕ್ಕೆ ಚಾಚದೆ ಹಿಂಬಾಗಿಲೇ ಡಿಕ್ಕಿಯ ಮುಚ್ಚಳವಾದ ಮನೆಬಳಕೆಯ ಸಣ್ಣ ಕಾರಿಗೆ ದೊಡ್ಡ ಕಾರಿನ ಶಕ್ತಿ ಕೊಟ್ಟದ್ದು. 1976ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ 110 ಕುದುರೆಯ ಗಾಲ್ಫ್ ಜಿ.ಟಿ.ಐ. ಈ ಜಾತಿಗೆ ಹೆಸರು ತಂದಿತು. ಅದೇ ಜಿ.ಟಿ.ಐ. 265 ಕುದುರೆಯಾಗಿ 2025ರಲ್ಲಿ ನಮ್ಮ ದೇಶಕ್ಕೂ ಬಂತು, ಬೆಲೆ 53 ಲಕ್ಷ. ಅಷ್ಟು ಹಣವನ್ನು ಗಾಲಿಯ ಮೇಲಿಡುವ ವ್ಯಾಪಾರಿಗೆ ನಾವು ಉದ್ರಿ ಕೊಡುವುದಿಲ್ಲ. ನಮ್ಮದು 998 ಸಿ.ಸಿ., 120 ಕುದುರೆ. ಹೊಗೆಯ ರಭಸದಿಂದಲೇ ಒಂದು ಚಕ್ರ ತಿರುಗಿಸಿ ಇಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಟರ್ಬೋ ಇರುವುದರಿಂದ ಅಷ್ಟು ಸಣ್ಣ ಇಂಜಿನ್ನಿಗೆ ಅಷ್ಟು ಶಕ್ತಿ. ನಿಜ ಹೇಳಬೇಕೆಂದರೆ ಇದು ಅರ್ಧ ಹಾಟ್ ಹ್ಯಾಚ್. ಯುರೋಪಿನಲ್ಲಿ ಮಾರಿದ ಪೂರ್ತಿ ಐ20 ಎನ್‌ಗೆ 204 ಕುದುರೆ ಇದ್ದವು, ಅದು ಇಲ್ಲಿಗೆ ಬರಲೇ ಇಲ್ಲ.

ದರದ ಮಾತು. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ, 1200 ಸಿ.ಸಿ.ಯೊಳಗಿನ ಪೆಟ್ರೋಲ್ ಕಾರಿಗೆ ಜಿ.ಎಸ್.ಟಿ. 28ರಿಂದ 18ಕ್ಕೆ ಇಳಿದು, ಮೇಲಿನ ಒಂದು ಟಕ್ಕೆ ಸೆಸ್ಸೂ ಹೋಯಿತು. ಹತ್ತು ಲಕ್ಷದ ಗಾಡಿಗೆ ಸುಮಾರು 85 ಸಾವಿರ ಉಳಿಯುತ್ತದೆ. ಅಡತಿ ಅಂಗಡಿಯವರು ನಾವು, ಆ ಲೆಕ್ಕ ಹಾಕಿಯೇ ಪಾಡ್ಯಕ್ಕೆ ಕಾದದ್ದು. ಇನ್ನೊಂದು ಮಾತು. ಕಾರಿನ ಪಟ್ಟಿಯಲ್ಲಿ ‘ಲೆದರ್’ ಎಂದು ಕಂಡರೆ ನಮ್ಮ ಮನೆಗಳಲ್ಲಿ ಕೇಳಿ ತಿಳಿದುಕೊಳ್ಳಬೇಕು. ಈಗ ಬಹಳ ಕಡೆ ಅದು ಕೃತಕವೇ. ನಮ್ಮ ಮನೆಯವರಂತೂ ಸಂಶಯವೇ ಬೇಡವೆಂದು ಸ್ಟಿಯರಿಂಗಿಗೆ ಮತ್ತು ಗೇರಿನ ಹಿಡಿಗೆ ಮೊದಲ ದಿನವೇ ಬಟ್ಟೆಯ ಗವಸು ಹೊಲಿದು ಹಾಕಿದರು. ಅಂದ ಕೆಟ್ಟಿತೆಂದು ಮೊಮ್ಮಗ ಎರಡು ದಿನ ಮುನಿಸಿಕೊಂಡಿದ್ದ.

ಈಗ ಏಳನೆಯ ಪತ್ರ.

2007ರ ಜನವರಿ. ಆಗ ನಮ್ಮ ಸಂಸಾರ ಸೊಲ್ಲಾಪುರದಲ್ಲಿತ್ತು. ಬೋರಾಮಣಿಯ ಹೊಲದಲ್ಲಿ ತೊಗರಿ ರಾಶಿ ನಡೆದಿತ್ತು, ತೂಕಕ್ಕೆಂದು ಬೆಳಿಗ್ಗೆ ಸಿಟಿ ತೆಗೆದುಕೊಂಡು ಹೊರಟೆವು. ಹೈದರಾಬಾದ್ ರಸ್ತೆ ಆಗ ಎರಡೇ ಲೇನು. ರಸ್ತೆ ಮೂಡಣಕ್ಕೆ ಹೋಗುತ್ತದೆ, ಹೀಗಾಗಿ ಆ ಹೊತ್ತಿನಲ್ಲಿ ಸೂರ್ಯ ನೇರ ಕಣ್ಣಿಗೇ ಬರುತ್ತಾನೆ. ಮುಂದಿದ್ದ ಜೀಪನ್ನು ಹಿಂದೆ ಹಾಕಿ 110ರಲ್ಲಿದ್ದೆವು. ಇಂಜಿನ್ನು ನಮಗೆ ಪ್ರೀತಿಯ ಆ ದನಿಯಲ್ಲಿ ಹಾಡುತ್ತಿತ್ತು. ಬೆಳಕಿನೊಳಗೆ ಮೊದಲು ಕಂಡದ್ದು ಒಂದು ಬಿಳಿ ಧೋತರ, ಆಮೇಲೆ ಪಿಂಛಿ. ಮೂವರು ಮುನಿಮಹಾರಾಜರು, ಜೊತೆಗೆ ನಾಲ್ಕಾರು ಶ್ರಾವಕರು, ರಸ್ತೆಯ ಎಡಬದಿಗೆ ವಿಹಾರ ಮಾಡುತ್ತಿದ್ದರು. ಬ್ರೇಕು ಒತ್ತಿದೆವು. ಗಾಲಿ ಕಚ್ಚಿ ನಿಂತವು, ಗಾಡಿ ಮಾತ್ರ ನಿಲ್ಲಲಿಲ್ಲ. ಈಗಿನ ಗಾಡಿಗಳಂತೆ ಗಾಲಿ ಕಚ್ಚದ ಹಾಗೆ ಬಿಟ್ಟು-ಹಿಡಿಯುವ ಎ.ಬಿ.ಎಸ್. ನಮ್ಮದಕ್ಕೆ ಇರಲಿಲ್ಲ. ಜಾರುತ್ತ ಮಣ್ಣಿನ ಬದಿಗಿಳಿದು ನಿಂತಾಗ ಅವರಿಗೂ ನಮಗೂ ನಡುವೆ ಮೂರು ಮಾರು ಅಂತರ ಉಳಿದಿತ್ತು.

ಹಿರಿಯ ಮಹಾರಾಜರು ನಿಂತರು. ನಮ್ಮ ಕಡೆ ನೋಡಲಿಲ್ಲ. ಧೂಳು ಇಳಿಯುವವರೆಗೆ ಕಾದು, ಮುಂದಿನ ನೆಲ ಕಂಡ ಮೇಲೆ ಮತ್ತೆ ಹೆಜ್ಜೆ ಹಾಕಿದರು. ಜೊತೆಗಿದ್ದ ಬ್ರಹ್ಮಚಾರಿಗಳು ಮಾತ್ರ ಕಿಟಕಿಯ ಹತ್ತಿರ ಬಂದು, “ಸಾಹುಕಾರ್ರ, ಏನ್ ಅವಸರ ಇತ್ರಿ?” ಎಂದು ಕೇಳಿದರು. ಸಿಟ್ಟಿನಿಂದಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ತೊಗರಿ ಎಲ್ಲಿಗೂ ಓಡಿಹೋಗುತ್ತಿರಲಿಲ್ಲ.

ಆ ದಿನ ತೂಕಕ್ಕೆ ಹೋಗಲಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ನಾವು ಪಾಠಶಾಲೆಯಲ್ಲಿ ಕೇಳಿದವರು. ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆಯೂ ಒಂದು ಎಂದು ಬಾಯಿಪಾಠವಾಗಿತ್ತು. ಕಾರಣವಿಲ್ಲದೆ ಮಣ್ಣು ಅಗೆಯುವುದು, ನೀರು ಚೆಲ್ಲುವುದು ಎಂದೇ ತಿಳಿದಿದ್ದೆವು. ಗೇರಿನ ಕೋಲೂ ಆ ಪಟ್ಟಿಗೆ ಸೇರುತ್ತದೆಂದು ಹೊಳೆದಿರಲಿಲ್ಲ. ಮುನಿಗಳು ಈರ್ಯಾಸಮಿತಿಯಲ್ಲಿ ನಾಲ್ಕು ಮೊಳ ಮುಂದಿನ ನೆಲ ನೋಡಿ ಕಾಲಿಡುತ್ತಾರೆ. 110ರಲ್ಲಿ ಗಾಡಿ ಒಂದು ಸೆಕೆಂಡಿಗೆ ಮೂವತ್ತು ಮೀಟರ್ ಹೋಗುತ್ತದೆ, ಎಂದರೆ ಕಣ್ಣು ಮಿಟುಕಿಸುವುದರಲ್ಲಿ ಅವರ ನಾಲ್ಕು ಮೊಳ ಎಷ್ಟೋ ಸಲ ಮುಗಿದಿರುತ್ತದೆ. 80ಕ್ಕೆ ಇಳಿಸಿದರೆ ವೇಗ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು ಕಡಿಮೆಯಾಗುತ್ತದೆ, ಆದರೆ ಬ್ರೇಕು ಹಿಡಿದ ಮೇಲೆ ಜಾರುವ ದೂರ ಹೆಚ್ಚುಕಡಿಮೆ ಅರ್ಧವಾಗುತ್ತದೆ. ವೇಗ ಇಮ್ಮಡಿಯಾದರೆ ಆ ದೂರ ನಾಲ್ಕು ಮಡಿ. ಚಕ್ರಬಡ್ಡಿ ಬಲ್ಲವರಿಗೆ ಈ ಗಣಿತ ತಟ್ಟನೆ ತಿಳಿಯಬೇಕು. ಅಂದಿನಿಂದ 80ರ ಮೇಲೆ ಮುಳ್ಳು ಏರಿಸುವುದಿಲ್ಲವೆಂದು ನಿಯಮ ಮಾಡಿದೆವು. ನಾಲ್ಕು ಲೇನಿನ ರಸ್ತೆಯಲ್ಲಿ ಕಾರಿಗೆ 100ರವರೆಗೆ ಕೇಂದ್ರ ಸರಕಾರ 2018ರಲ್ಲಿ ಅಪ್ಪಣೆ ಕೊಟ್ಟಿತ್ತು. ಕಾಯದೆ ಬೇರೆ, ನಿಯಮ ಬೇರೆ. ಹೊತ್ತು ಮುಳುಗಿದ ಮೇಲೆಯೂ ತುರ್ತಿಲ್ಲದೆ ಗಾಡಿ ತೆಗೆಯುವುದಿಲ್ಲ. ಮರುದಿನ ಮುಂದಿನ ಗಾಜು ಒರೆಸಿದವರಿಗೆ ಕಾರಣ ಗೊತ್ತಿರುತ್ತದೆ.

2018ರಲ್ಲಿ ಬೆಳಗೊಳದಲ್ಲಿ ಪರಿಗ್ರಹ ಪರಿಮಾಣ ತೆಗೆದುಕೊಂಡೆವು. ಅದರಲ್ಲಿ ಮನೆಗೆ ಒಂದೇ ಕಾರು ಎಂದು ಬರೆಸಿದೆವು. ಆದ್ದರಿಂದ ಹೊಸದು ಬಂದರೆ ಪೋಲೋ ಹೋಗಬೇಕು. ಮಗ ಒಂದು ದಾರಿ ಹೇಳಿದ. “ಅಪ್ಪಾಜಿ, ಪೋಲೋ ಆಕಿ ಹೆಸರಿಗೆ ಮಾಡೂಣ್ರಿ. ನಿಮ್ಮ ಹೆಸರಿಗೆ ಒಂದ ಉಳೀತದ.” ಆಕಿ ಎಂದರೆ ನಮ್ಮ ಸೊಸೆ. ಹೆಸರು ಬದಲಿಸುವ ವಿದ್ಯೆ ನಮ್ಮ ಪೇಟೆಗೆ ಹೊಸದಲ್ಲ, ಒಪ್ಪುವ ಮನಸ್ಸೂ ಆಯಿತು. ನಮ್ಮ ಮನೆಯವರು ರೊಟ್ಟಿ ಬಡಿಯುತ್ತಲೇ, “ಮಾರೂದಿದ್ರ ಮಾರ್ರಿ, ಇಲ್ಲಾಂದ್ರ ನಿಯಮಾನ ಬಿಡ್ರಿ. ಎರಡೂ ಇಟ್ಕೋಬ್ಯಾಡ್ರಿ,” ಎಂದರು. ಗಿರಾಕಿ ಅಕ್ಕಲಕೋಟದವನು, ಎಂಟು ದಿನ ತಡ ಮಾಡಿ ಬಂದ. ಆ ಎಂಟು ದಿನ ಎರಡೂ ಗಾಡಿ ಅಂಗಳದಲ್ಲಿ ನಿಂತವು. ಅದು ಅತಿಚಾರವೇ ಸರಿ, ಅಷ್ಟು ದಿನ ತುಪ್ಪ ಬಿಟ್ಟೆವು. ಆದರೆ ಅತಿಚಾರದ ಲಾಭವನ್ನೂ ಬಿಡಲಿಲ್ಲ. ದಿನಾ ಬೆಳಿಗ್ಗೆ ಒಂದೇ ರಸ್ತೆಯಲ್ಲಿ ಎರಡನ್ನೂ ಓಡಿಸಿ ನೋಡಿದೆವು.

ವಿಮಾನ ನಿಲ್ದಾಣಕ್ಕೆಂದು ಹಿಡಿದ ಜಮೀನಿನ ಬದಿಯ ರಸ್ತೆ ಅದು. (ವಿಮಾನ ಮಾತ್ರ 2025ರ ಜೂನಿನಲ್ಲಿ ಹೋಟಗಿ ರಸ್ತೆಯ ಹಳೆಯ ನಿಲ್ದಾಣದಿಂದಲೇ ಗೋವೆಗೆ ಹಾರಿತು. ಬೋರಾಮಣಿಯವರು ಇನ್ನೂ ಮೇಲೆ ನೋಡುತ್ತಿದ್ದೇವೆ.) ಎಳೆತದಲ್ಲಿ ಎರಡಕ್ಕೂ ಹೇಳುವಂಥ ವ್ಯತ್ಯಾಸವಿಲ್ಲ. ಇಂಜಿನ್ನು ತಿರುಗಿಸುವ ಬಲ ಪೋಲೋದ್ದು 175, ಹೊಸದರದ್ದು 172. ಹದಿನೈದು ಕುದುರೆ ಹೆಚ್ಚೆಂಬುದು 80ರೊಳಗೆ ಕಾಣುವುದಿಲ್ಲ. ಸ್ಟಿಯರಿಂಗ್ ಬೆಣ್ಣೆಯಂತಿದೆ, ಆದರೆ ಕೈಗೆ ಏನೂ ಹೇಳುವುದಿಲ್ಲ. ಆ ವಿಷಯದಲ್ಲಿ 1993ರ ಝೆನ್ ಇಂದಿಗೂ ಎಲ್ಲಕ್ಕಿಂತ ಮೇಲು. ವಿಟೆಕ್‌ನ ದನಿ ಇದಕ್ಕಿಲ್ಲ, ಇರದಿರುವುದೇ ಒಳ್ಳೆಯದು. ಖುಷಿ ಕೊಟ್ಟದ್ದು ಕೈಯಿಂದ ಹಾಕುವ ಆರು ಗೇರು. ಪೋಲೋದಲ್ಲಿ ಎಡಗಾಲಿಗೆ ಕೆಲಸವೇ ಇರಲಿಲ್ಲ.

ಬ್ರೇಕಿನದು ಮಾತ್ರ ಬೇರೆ ಮಾತು. ಪದ್ಮಿನಿಗೆ ನಾಲ್ಕೂ ಡ್ರಮ್. ಝೆನ್, ಸಿಟಿ, ಪೋಲೋಗಳಿಗೆ ಮುಂದೆ ಡಿಸ್ಕು, ಹಿಂದೆ ಡ್ರಮ್. ಇದಕ್ಕೆ ನಾಲ್ಕೂ ಡಿಸ್ಕು, ಆರು ಏರ್‌ಬ್ಯಾಗು. ಖಾಲಿ ರಸ್ತೆಯಲ್ಲಿ 80ರಿಂದ ಪೂರ್ತಿ ಬಲ ಹಾಕಿ ನಿಲ್ಲಿಸಿದೆವು, ಐದಾರು ಸಲ. ಗೆರೆ ಕೊರೆದಂತೆ ನಿಂತಿತು, ಸ್ಟಿಯರಿಂಗ್ ತಿರುಗಿಸಿದರೆ ನಿಲ್ಲುತ್ತಲೇ ತಿರುಗಿತು. ಪಕ್ಕದಲ್ಲಿ ಕೂತ ಮೊಮ್ಮಗ, “ಅಜ್ಜಾ, ಎಲ್ಲಾರೂ ಎಷ್ಟ ಜೋರ ಓಡ್ತದ ನೋಡ್ತಾರ, ನೀ ಎಷ್ಟ ಲಗೂ ನಿಲ್ತದ ನೋಡ್ತಿ,” ಎಂದ. ನಮ್ಮ ಮಾಳದಲ್ಲಿ ಕೃಷ್ಣಮೃಗ ರಸ್ತೆಗೆ ಜಿಗಿಯುವಾಗ ಮುನ್ಸೂಚನೆ ಕೊಡುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರಾಲಿಯ ಟ್ರ್ಯಾಕ್ಟರನ್ನು ದಾಟುವಾಗ ಎದುರು ಬದಿಯಲ್ಲಿ ಇರಬೇಕಾದ ಹೊತ್ತು ಟರ್ಬೋದ ಎಳೆತದಿಂದ ಕಡಿಮೆಯಾಗುತ್ತದೆ. ಆ ಶಕ್ತಿಗೆ ಇಷ್ಟು ಸಮರ್ಥನೆ ಕೊಡಬಹುದು.

ಅಷ್ಟೇ ಎಂದರೆ ಶ್ರಾವಿಕೆಯವರಿಗೆ ಸುಳ್ಳು ಹೇಳಿದಂತಾಗುತ್ತದೆ. ನಾಲ್ಕು ಡಿಸ್ಕು, ಆರು ಏರ್‌ಬ್ಯಾಗು ಬೇಕಿದ್ದರೆ ಸಾದಾ ಗಾಡಿಯೂ ಸಿಗುತ್ತದೆ. ಹೊಗೆಯ ಕೊಳವೆ ಎರಡು ಬೇಕಾಗಿರಲಿಲ್ಲ, ಕೆಂಪು ಗೆರೆಯ ಸೀಟು ಬೇಕಾಗಿರಲಿಲ್ಲ. ಬೇಕೆನಿಸಿತು, ತಂದೆವು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ವಸ್ತುವನ್ನಲ್ಲ, ಅದರ ಮೇಲಿನ ಮೋಹವನ್ನೇ ಪರಿಗ್ರಹ ಎಂದಿದ್ದಾರೆ. ಆ ಲೆಕ್ಕದಲ್ಲಿ ಒಂದೇ ಕಾರು ಇಟ್ಟರೂ ನಮ್ಮ ಬಾಕಿ ಚುಕ್ತಾ ಆಗಿಲ್ಲ. ಪೋಲೋದ ಕೀಲಿ ಕೊಟ್ಟ ದಿನ ಊಟ ಸೇರಲಿಲ್ಲವೆಂಬುದನ್ನೂ ಅದೇ ಖಾತೆಗೆ ಬರೆಯಿರಿ.

ಚಾತುರ್ಮಾಸ ಮುಗಿದು ನವೆಂಬರಿನಲ್ಲಿ ಒಂದು ಸಂಘ ಸೊಲ್ಲಾಪುರದಿಂದ ಹೈದರಾಬಾದ್ ಕಡೆಗೆ ವಿಹಾರ ಹೊರಟಿತು. ಈಗ ನಾಲ್ಕು ಲೇನು, ಲಾರಿಗಳಿಗೆ ತಡೆಯಿಲ್ಲ. ಹಿಂದಿನಿಂದ ಬರುವ ವಾಹನಗಳಿಗೆ ತಿಳಿಯಲೆಂದು ಸಂಘದ ಹಿಂದೆ ಒಂದು ಗಾಡಿ ನಾಲ್ಕೂ ದೀಪ ಮಿನುಗಿಸುತ್ತ ಬರಬೇಕೆಂದು ಸಮಾಜದ ಹುಡುಗರು ಕೇಳಿದರು. ಮುಳೇಗಾಂವದಿಂದ ಬೋರಾಮಣಿಯವರೆಗೆ ನಾವೇ ಹೋದೆವು. ಎದುರಿಗೆ ಅದೇ ಸೂರ್ಯ. ಮೊದಲನೇ ಗೇರಿನಲ್ಲಿ, ಕ್ಲಚ್ ಬಿಡುತ್ತ ಹಿಡಿಯುತ್ತ, ಗಂಟೆಗೆ ನಾಲ್ಕು ಕಿಲೋಮೀಟರಿನಂತೆ, ಸುಮಾರು ಮೂರು ತಾಸು. ಇಂಜಿನ್ನಿನ ಫ್ಯಾನು ಮೇಲಿಂದ ಮೇಲೆ ತಿರುಗುತ್ತಿತ್ತು, ಎಡಮೊಣಕಾಲು ಮಾತಾಡಲು ಸುರುಮಾಡಿತು. ಹಿಂದಿನಿಂದ ಬಂದ ಲಾರಿಗಳು ದೀಪ ನೋಡಿ ಬಲಕ್ಕೆ ಸರಿದು ಹೋದವು. ಬೋರಾಮಣಿಯಲ್ಲಿ ಮಹಾರಾಜರು ಬಸದಿಯ ಮೆಟ್ಟಿಲೇರಿದ ಮೇಲೆ ಮೊಮ್ಮಗ ಮುಂದಿನ ಪರದೆ ಒತ್ತಿ ನೋಡಿ ನಕ್ಕ. ಲೀಟರಿಗೆ ಎಷ್ಟು ಓಡುತ್ತದೆ ಎಂದು ಕೇಳಿದ ಆರು ಜನರಿಗೆ ತಿಳಿಸುವುದೇನೆಂದರೆ, ಆ ದಿನ ಅದು ಐದೂವರೆ ಎಂದು ತೋರಿಸಿತು.